ಗುರುತು ದಣಪೆಯ ಬಳಿ ಇರಲಿ

ಆನ್‌ಲೈನ್ ನಕ್ಷೆಯಲ್ಲಿ ವಿಳಾಸ ಬರೆದು ಹುಡುಕಿದರೆ ಒಂದು ಕೆಂಪು ಗುರುತು ಬಂದು ಕೂರುತ್ತದೆ. ಅದು ಮನೆಯನ್ನು ನೋಡಿ ಇಟ್ಟದ್ದೋ, ಲೆಕ್ಕ ಹಾಕಿ ಇಟ್ಟದ್ದೋ ಎಂದು ಪರದೆ ಹೇಳುವುದಿಲ್ಲ. ಅಮೆರಿಕದಲ್ಲಿ ಕುಳಿತು ಶಿರಸಿ, ಕುಮಟಾ ಕಡೆಯ ಊರಮನೆಗೆ ಔಷಧ, ಸಾಮಾನು ಕಳಿಸುವ ನಮ್ಮಂಥವರು ಎರಡೂ ಕಡೆಯ ಗುರುತನ್ನು ಒಂದೇ ನಂಬಿಕೆಯಿಂದ ನೋಡುತ್ತೇವೆ. ಹಾಗೆ ನೋಡಬಾರದು.

ಅಮೆರಿಕದ ಅಂದಾಜಿಗೆ ಬುನಾದಿ ಇದೆ. ಅಲ್ಲಿನ ಜನಗಣತಿ ಇಲಾಖೆಯ ಟೈಗರ್ ಎಂಬ ರಸ್ತೆ ನಕ್ಷೆಯ ಕಡತಗಳಲ್ಲಿ ರಸ್ತೆಯ ತುಂಡು ತುಂಡಿಗೂ ಮನೆ ನಂಬರುಗಳ ಮೊದಲು-ಕೊನೆ ಬರೆದಿರುತ್ತದೆ: ಒಂದು ಬದಿಗೆ 100ರಿಂದ 198, ಎದುರು ಬದಿಗೆ 101ರಿಂದ 199. 150 ಎಂದು ಹುಡುಕಿದರೆ ಆ ತುಂಡಿನ ನಡುಮಧ್ಯಕ್ಕೆ ಹೋಗಿ, ಸಮಸಂಖ್ಯೆಯ ಬದಿಗೆ ಕೆಲವು ಮೀಟರ್ ಸರಿಸಿ ಗುರುತು ಇಡಲಾಗುತ್ತದೆ. ನಿಜವಾದ ಮನೆಗಳು 130ಕ್ಕೇ ಮುಗಿದಿದ್ದರೆ ಗುರುತುಗಳೆಲ್ಲ ರಸ್ತೆಯ ಮೊದಲ ಮೂರನೇ ಒಂದು ಭಾಗದಲ್ಲಿ ಒತ್ತೊತ್ತಾಗಿ ಬೀಳುತ್ತವೆ; ಮನೆಗಳು ಮಾತ್ರ ಉದ್ದಕ್ಕೂ ಹರಡಿರುತ್ತವೆ. ಆದರೂ ರಸ್ತೆ ತಪ್ಪುವುದಿಲ್ಲ. ಹಳ್ಳಿಗಾಡಿನಲ್ಲಿ ಹಲವು ಕೌಂಟಿಗಳು ಮೈಲಿಗೆ 1000 ನಂಬರು ಹಂಚಿವೆ. ಅಲ್ಲಿ 2450 ಎಂದರೆ ರಸ್ತೆ ಶುರುವಾದಲ್ಲಿಂದ 2.45 ಮೈಲಿ, ನಂಬರೇ ಅಳತೆ. ಇದು ಸಾಲದೆಂದು 911 ತುರ್ತು ಸೇವೆಗಾಗಿ ಎಷ್ಟೋ ಕಡೆ ಕಟ್ಟಡ ಕಟ್ಟಡಕ್ಕೂ ಪ್ರತ್ಯೇಕ ಬಿಂದು ಇಟ್ಟಿದ್ದಾರೆ.

ನಮ್ಮ ಪಂಚಾಯತಿಯ ಮನೆ ನಂಬರು ತೆರಿಗೆ ವಹಿಯದು. ಅದು ರಸ್ತೆಯ ಜೊತೆ ಏರುತ್ತ ಹೋಗಬೇಕೆಂದಿಲ್ಲ. 41ರ ಪಕ್ಕದಲ್ಲೇ 187 ಇರಬಹುದು. ಇಲ್ಲಿ ನಡುವಿನ ಲೆಕ್ಕ ಹಾಕುವುದಕ್ಕೆ ಆಧಾರವೇ ಇಲ್ಲ. ಹಾಗಾಗಿ ಹುಡುಕಾಟ ಮನೆಯ ಹೆಸರು ಬಿಟ್ಟು ಮಜರೆಗೆ (ಊರಿಗೆ ಸೇರಿದ ಸಣ್ಣ ಕೇರಿಗೆ), ಮಜರೆ ಸಿಗದಿದ್ದರೆ ಊರಿಗೆ, ಊರೂ ಸಿಗದಿದ್ದರೆ 581401ರಂಥ ಪಿನ್‌ಕೋಡ್ ಪ್ರದೇಶದ ನಡುವಿಗೆ ಜಾರುತ್ತದೆ. ಆ ನಡು ಬೆಟ್ಟವಾಗಿರಬಹುದು, ಕಾಡಾಗಿರಬಹುದು. ಪ್ರೋಗ್ರಾಂ ಬರೆಯುವವರಿಗೆ ಗೂಗಲ್ ಈ ಭೇದವನ್ನು ತಿಳಿಸುತ್ತದೆ: ರೂಫ್‌ಟಾಪ್ (ಚಾವಣಿಯ ಮೇಲೇ), ರೇಂಜ್ ಇಂಟರ್‌ಪೊಲೇಟೆಡ್ (ನಂಬರುಗಳ ನಡುವಿನ ಲೆಕ್ಕ), ಜಿಯೋಮೆಟ್ರಿಕ್ ಸೆಂಟರ್ (ರಸ್ತೆ ಅಥವಾ ಪ್ರದೇಶದ ನಡು), ಅಪ್ರಾಕ್ಸಿಮೇಟ್ (ಬರೀ ಅಂದಾಜು) ಎಂಬ ನಾಲ್ಕು ದರ್ಜೆಗಳಿವೆ. ಆ್ಯಪ್ ನೋಡುವವರಿಗೂ ಇದನ್ನು ತೋರಿಸಲೇಬೇಕು. ಅಂದಾಜು ತಪ್ಪಲ್ಲ, ಅಂದಾಜು ಎಂದು ಹೇಳದಿರುವುದು ತಪ್ಪು.

ನಿಖರ ಗುರುತಿಗೂ ನಮ್ಮಲ್ಲಿ ಒಂದು ತೊಡಕಿದೆ. ಚಾವಣಿಯ ಮೇಲೆ ಸರಿಯಾಗಿ ಇಟ್ಟರೂ ದಾರಿ ತೋರಿಸುವ ತಂತ್ರಾಂಶ ಆ ಬಿಂದುವಿಗೆ ಹತ್ತಿರದ ರಸ್ತೆಯನ್ನೇ ಹಿಡಿಯುತ್ತದೆ. ಅಡಿಕೆ ತೋಟದ ಆಚೆಯ ಮನೆಗೆ ಹತ್ತಿರದ ರಸ್ತೆ ಹೊಳೆಯ ಇನ್ನೊಂದು ದಡದ್ದಾಗಿದ್ದರೆ, ಗಾಡಿ ಅಲ್ಲಿಗೇ ಹೋಗಿ ನಿಲ್ಲುತ್ತದೆ. ಅಘನಾಶಿನಿ ಹೊಳೆಯ ಅಳಿವೆಯಲ್ಲಿ ಇದು ಸಣ್ಣ ಮಾತಲ್ಲ: ತದಡಿಯಿಂದ ಅಘನಾಶಿನಿ ಊರು ಎದುರಿಗೇ ಕಾಣುತ್ತದೆ, ದೋಣಿಗೆ ಹತ್ತಿರ, ಗಾಡಿಗೆ ದೊಡ್ಡ ಸುತ್ತು. ಆದ್ದರಿಂದ ಎರಡು ಗುರುತು ಬೇಕು. ಮನೆಗೊಂದು, ವಾಹನ ನಿಲ್ಲುವ ದಣಪೆಗೊಂದು, ಅಂದರೆ ಅಂಗಳದ ದಾರಿ ಶುರುವಾಗುವಲ್ಲಿನ ಅಡ್ಡಗಳುವಿನ ಬಾಗಿಲಿಗೊಂದು. ಒಂದನ್ನೇ ಕೊಡುವುದಾದರೆ ದಣಪೆಯದನ್ನು ಕೊಡಿ.

ಊರಲ್ಲಿರುವವರಿಂದ ಹೀಗೆ ಮಾಡಿಸಿ. ದಣಪೆಯ ಹತ್ತಿರ, ಹಲಸು-ಅಡಿಕೆಯ ದಟ್ಟ ನೆರಳು ಬಿಟ್ಟು ಆಕಾಶ ಕಾಣುವಲ್ಲಿ ನಿಲ್ಲಬೇಕು. ಮರಗಳ ಅಡಿಯಲ್ಲಿ ಉಪಗ್ರಹದ ಸಂಕೇತ ಕ್ಷೀಣಿಸಿ ಸ್ಥಾನ ಆಚೀಚೆ ಜಿಗಿಯುತ್ತದೆ. ಫೋನಿನ ನಕ್ಷೆಯಲ್ಲಿ ನೀಲಿ ಚುಕ್ಕೆಯ ಸುತ್ತಿನ ತಿಳಿನೀಲಿ ವೃತ್ತ ಕುಗ್ಗುವವರೆಗೆ ಕಾಯಬೇಕು. ಆಮೇಲೆ ಉಪಗ್ರಹ ಚಿತ್ರ ತೆರೆದು, ಚುಕ್ಕೆ ಅಂಗಳದ ದಾರಿಯ ಬಾಯಲ್ಲೇ ಇದೆಯೇ ಎಂದು ನೋಡಿ, ಅಲ್ಲಿ ಬೆರಳು ಒತ್ತಿ ಹಿಡಿದರೆ ಅಕ್ಷಾಂಶ-ರೇಖಾಂಶ ಸಿಗುತ್ತದೆ. ದಶಮಾಂಶದ ನಂತರ ಐದು ಅಂಕಿ ಬೇಕು. ಐದನೆಯದು ಸುಮಾರು 1.1 ಮೀಟರ್. ಮೂರಕ್ಕೇ ನಿಲ್ಲಿಸಿದರೆ ಒಂದೊಂದು ಹೆಜ್ಜೆಯೂ ನೂರು ಮೀಟರ್ ದಾಟುತ್ತದೆ.

ಬರೆದುಕೊಳ್ಳುವಾಗಲೇ ಹೆಚ್ಚು ತಪ್ಪಾಗುವುದು. ಶಿರಸಿಯ 14 ಡಿಗ್ರಿ 37 ನಿಮಿಷ, 74 ಡಿಗ್ರಿ 50 ನಿಮಿಷವನ್ನು 14.37, 74.50 ಎಂದು ಬರೆದರೆ ಮನೆ ಸುಮಾರು 45 ಕಿಲೋಮೀಟರ್ ದೂರ, ಘಟ್ಟದ ಕೆಳಗೆ ಹೋಗಿ ಬೀಳುತ್ತದೆ. ನಿಮಿಷವನ್ನು 60ರಿಂದ ಭಾಗಿಸಬೇಕು; ಸರಿಯಾದದ್ದು 14.617, 74.833. ಎರಡು ಸಂಖ್ಯೆ ಅದಲುಬದಲಾದರೆ ನಾರ್ವೆಯ ಉತ್ತರದ ಸಮುದ್ರ. ಫೋನಿನಲ್ಲಿ ಓದಿ ಹೇಳುವುದಾದರೆ ಗೂಗಲ್ ನಕ್ಷೆ ತೋರಿಸುವ ಸ್ಥಳಸಂಕೇತವಾದ ಪ್ಲಸ್ ಕೋಡ್ ಸುಲಭ. ಅದರ 10 ಅಕ್ಷರಗಳು ಸುಮಾರು 14 ಮೀಟರ್ ಚೌಕವನ್ನು ಹೇಳುತ್ತವೆ. ಅಂಚೆ ಇಲಾಖೆಯ ಇಂಥದ್ದೇ ಸಂಕೇತ ಡಿಜಿಪಿನ್ ಸುಮಾರು 4 ಮೀಟರ್ ಚೌಕದ್ದು. ಎರಡಕ್ಕೂ ಮನೆ ನಂಬರಿನ ಹಂಗಿಲ್ಲ.

ಕಾಲುಸಂಕ (ಹಳ್ಳದ ಮೇಲಿನ ಕಾಲುಸೇತುವೆ) ದಾಟಿ ಹೋಗಬೇಕಾದ ಮನೆಗಳಿಗೆ ಇನ್ನೊಂದು ಕೆಲಸವಿದೆ. ಬೇಸಿಗೆಯಲ್ಲಿ ಜೀಪು ಹಳ್ಳಕ್ಕಿಳಿದು ಅಂಗಳಕ್ಕೇ ಬರುತ್ತದೆ, ಆಷಾಢದಲ್ಲಿ ಸಂಕದ ಈಚೆಗೇ ನಿಲ್ಲುತ್ತದೆ. ಆ ಈಚೆಯ ಬಿಂದುವನ್ನೂ ಅಳೆದು, ‘ಮಳೆಗಾಲ’ ಎಂದು ಬರೆದು, 108ಕ್ಕೆ ಕರೆ ಮಾಡುವವರ ಫೋನಿನಲ್ಲಿ ಉಳಿಸಿಡಬೇಕು.