ಕಾಲೇಜು ಪಾಠಕ್ಕೆ ಎಲ್‌ಎಂಎಸ್ ಕಡ್ಡಾಯ ಆಗಬೇಕಾ?

ಪರ: ನೋಟ್ಸ್‌ಗೆ ಒಂದು ಗೊತ್ತಾದ ಜಾಗ ಬೇಡ್ವಾ?

ಎಲ್‌ಎಂಎಸ್ ಅಂದರೆ ನೋಟ್ಸ್, ಕ್ವಿಜ್, ಅಸೈನ್‌ಮೆಂಟ್ ಎಲ್ಲ ಒಂದೇ ಕಡೆ ಇಡುವ ಆನ್‌ಲೈನ್ ಕಲಿಕಾ ವ್ಯವಸ್ಥೆ. ಅದು ಬೇಡ ಅನ್ನುವ ಮೇಷ್ಟ್ರುಗಳೂ ಅದೇ ಕೆಲಸವನ್ನು ವಾಟ್ಸಾಪ್‌ನಲ್ಲಿ ಮಾಡುತ್ತಲೇ ಇದ್ದಾರೆ. ನೋಟ್ಸ್ ಅಲ್ಲೇ, ಇಂಟರ್ನಲ್ಸ್ ದಿನಾಂಕ ಅಲ್ಲೇ, ಹಬ್ಬದ ಶುಭಾಶಯವೂ ಅಲ್ಲೇ. ಪರೀಕ್ಷೆ ಹತ್ತಿರ ಬಂದರೆ ಸಾಕು, 'ಸರ್, ಎರಡನೇ ಯೂನಿಟ್ ಪಿಡಿಎಫ್ ಇನ್ನೊಂದ್ಸಲ ಕಳ್ಸಿ' ಅಂತ ಶುರು. ಹಳೇ ಫೈಲ್ ತೆರೆಯಲ್ಲ. ತಡವಾಗಿ ಅಡ್ಮಿಷನ್ ಆದ ಹುಡುಗಿಗೆ ಹಿಂದೆ ಕಳಿಸಿದ್ದು ಸಿಕ್ಕೋದು ಕಷ್ಟ. ಅವಳು ಯಾರನ್ನು ಕೇಳಬೇಕು?

ನಾನು ಮಂಡ್ಯದಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ನಾಗಮಂಗಲ, ಕೆ.ಆರ್. ಪೇಟೆ ಕಡೆಯಿಂದ ಬಸ್ಸಲ್ಲಿ ಬರುವ ಮಕ್ಕಳಿಗೆ ಬೆಳಗಿನ ಬಸ್ ತಪ್ಪಿದರೆ ಮೊದಲ ಪೀರಿಯಡ್ ಹೋದ ಹಾಗೇ. ಅವರಿಗೆ ಅವತ್ತಿನ ಪಾಠ ಎಲ್ಲಿದೆ ಅಂತ ಗೊತ್ತಿದ್ದರೆ ಅರ್ಧ ತಲೆನೋವು ಕಮ್ಮಿ. ಊರಲ್ಲಿ ನೆಟ್‌ವರ್ಕ್ ಇಲ್ಲ ಅಂತಾರೆ, ನಿಜ. ಆದರೆ ಮೂಡಲ್ ಅನ್ನೋ ಎಲ್‌ಎಂಎಸ್‌ನ ಆಪ್‌ನಲ್ಲಿ ಕಾಲೇಜಿನಲ್ಲಿದ್ದಾಗಲೇ ಪಾಠ ಇಳಿಸಿಕೊಂಡು ಮನೆಯಲ್ಲಿ ನೆಟ್ ಇಲ್ಲದೆ ಓದಬಹುದು. ದುಡ್ಡಿನ ಮಾತೂ ಅಷ್ಟೇ. 2002ರಲ್ಲಿ ಆಸ್ಟ್ರೇಲಿಯಾದಿಂದ ಹೊರಬಂದ ಮೂಡಲ್‌ಗೆ ಲೈಸೆನ್ಸ್ ಫೀಸೇ ಇಲ್ಲ. ಸರ್ವರ್ ಮತ್ತು ಅದನ್ನು ನೋಡಿಕೊಳ್ಳುವವರ ಖರ್ಚು ಇದ್ದೇ ಇರುತ್ತೆ ಬಿಡಿ. 2014ರಲ್ಲಿ ಬಂದ ಗೂಗಲ್ ಕ್ಲಾಸ್‌ರೂಮ್‌ಗೆ ಸ್ವಂತ ಸರ್ವರೂ ಬೇಡ.

ನನಗೆ ನಿಜವಾಗಿ ಲಾಭ ಕಂಡಿದ್ದು ಕ್ವಿಜ್‌ನಲ್ಲಿ. ಬೇಡಿಕೆಯ ಪಾಠ ಮುಗಿಸಿ ಒಂದು ಪ್ರಶ್ನೆ ಹಾಕಿದ್ದೆ: ಉಪ್ಪಿನ ಬೆಲೆ ಸ್ವಲ್ಪ ಏರಿದರೆ ಜನ ಕೊಳ್ಳೋದು ಎಷ್ಟು ಕಡಿಮೆಯಾಗುತ್ತೆ? ಸುಮಾರು ಜನ 'ತುಂಬಾ ಕಡಿಮೆಯಾಗುತ್ತೆ' ಅಂತ ಒತ್ತಿದ್ದರು. ಬೆಲೆ ಏರಿದರೆ ಬೇಡಿಕೆ ಇಳಿಯುತ್ತೆ ಅನ್ನೋ ನಿಯಮ ಬಾಯಿಪಾಠ ಆಗಿದೆ, ಬೆಲೆ ಏರಿದರೂ ಉಪ್ಪು ಬೇಕೇ ಬೇಕಾದ ಅಡುಗೆಮನೆ ನೆನಪಾಗಿಲ್ಲ! ರಾತ್ರಿಯೇ ಅದು ನನಗೆ ಗೊತ್ತಾಯಿತು, ಮಾರನೇ ದಿನ ಉಪ್ಪಿನಿಂದಲೇ ಪಾಠ ಶುರು ಮಾಡಿದೆ. ಬ್ಲೂ ಬುಕ್ (ಇಂಟರ್ನಲ್ಸ್ ಉತ್ತರ ಬರೆಯುವ ಪುಸ್ತಕ) ತಿದ್ದಿ ಕೊಡುವ ಹೊತ್ತಿಗೆ ಕ್ಲಾಸು ಎರಡು ಅಧ್ಯಾಯ ಮುಂದೆ ಹೋಗಿರುತ್ತೆ. ಆಗ ತಪ್ಪು ಗೊತ್ತಾಗಿ ಏನು ಪ್ರಯೋಜನ?

ವಿರೋಧ: ಮೊದಲು ಅದಕ್ಕೆ ಕನ್ನಡ ಬರಲಿ

ಉಪ್ಪಿನ ಪ್ರಶ್ನೆ ಚೆನ್ನಾಗಿದೆ. ಅದು ಆಯ್ಕೆಯ ಪ್ರಶ್ನೆ, ಒತ್ತಿದರೆ ಮುಗಿಯಿತು. ಮೈಸೂರಿನಲ್ಲಿ ಕನ್ನಡ ಮಾಧ್ಯಮದ ಬಿ.ಎ. ಮಕ್ಕಳಿಗೆ ಇತಿಹಾಸ ಹೇಳುವ ನನ್ನ ಕಷ್ಟವೇ ಬೇರೆ.

ಒಂದು ಪದದ ಉತ್ತರದ ಕ್ವಿಜ್ ಮಾಡಿ ನೋಡಿ. 1911ರಲ್ಲಿ ಕೆಲಸ ಶುರುವಾದ, ಈಗ ಮಂಡ್ಯ ಜಿಲ್ಲೆಯಲ್ಲಿರುವ ಅಣೆಕಟ್ಟು ಯಾವುದು? ಮೇಷ್ಟ್ರು 'ಕೃಷ್ಣರಾಜಸಾಗರ' ಅಂತ ಕೊಟ್ಟಿರುತ್ತಾರೆ. ಒಬ್ಬ ನಡುವೆ ಜಾಗ ಬಿಟ್ಟು 'ಕೃಷ್ಣರಾಜ ಸಾಗರ' ಅಂತಾನೆ. ಇನ್ನೊಬ್ಬಳು 'ಕನ್ನಂಬಾಡಿ' ಅಂತಾಳೆ. ಮತ್ತೊಬ್ಬ 'ಕೆಆರ್‌ಎಸ್'. ಎಲ್ಲವೂ ಒಂದೇ ಅಣೆಕಟ್ಟು, ಆದರೆ ಮೇಷ್ಟ್ರು ಕೊಟ್ಟ ಅಕ್ಷರಕ್ಕೆ ಹೊಂದಲಿಲ್ಲ ಅಂತ ಮೂವರಿಗೂ ಸೊನ್ನೆ! ಎಲ್ಲ ರೂಪಗಳನ್ನೂ ಮೊದಲೇ ತುಂಬಿಸಿಡಿ ಅಂತಾರೆ ತಿಳಿದವರು. ಅಷ್ಟು ಹೊತ್ತಲ್ಲಿ ನಾನು ಪೆನ್ನು ಹಿಡಿದು ಇಡೀ ಕ್ಲಾಸಿನ ಉತ್ತರ ತಿದ್ದಬಹುದು.

ನೋಟ್ಸ್ ಕಥೆಯೂ ಹೀಗೇ. ನಮ್ಮಲ್ಲಿ ವರ್ಷಗಟ್ಟಲೆ ಟೈಪ್ ಮಾಡಿಟ್ಟಿದ್ದು ಹಳೇ ನುಡಿ ಫಾಂಟಿನಲ್ಲಿ, ಎಲ್ಲ ಕಂಪ್ಯೂಟರ್, ಮೊಬೈಲ್‌ಗೂ ಅರ್ಥವಾಗುವ ಯೂನಿಕೋಡ್‌ನಲ್ಲಲ್ಲ. ಅದನ್ನು ಕಾಪಿ ಮಾಡಿ ಎಲ್‌ಎಂಎಸ್ ಪುಟಕ್ಕೆ ಹಾಕಿದರೆ ಟಿಪ್ಪು, ಪೂರ್ಣಯ್ಯ ಎಲ್ಲರೂ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕೂತಿರುತ್ತಾರೆ. ಕನ್ವರ್ಟ್ ಮಾಡಿದರೆ ಅಲ್ಲಲ್ಲಿ ಒತ್ತಕ್ಷರ ಕೈಕೊಡುತ್ತೆ, ಮತ್ತೆ ಕೂತು ತಿದ್ದಬೇಕು. ಕೊನೆಗೆ ಎಲ್ಲರೂ ಮಾಡೋದು ಒಂದೇ: ಪುಟದ ಫೋಟೊ ಹೊಡೆದು ಪಿಡಿಎಫ್ ಮಾಡಿ ಹಾಕೋದು. ಅದಕ್ಕೆ ವಾಟ್ಸಾಪೇ ಸಾಕಲ್ವಾ?

ಸೆಮಿಸ್ಟರ್ ಪರೀಕ್ಷೆ ಇನ್ನೂ ಕೈಬರಹದ್ದೇ. ಹತ್ತು ಅಂಕದ ಪ್ರಶ್ನೆಗೆ ಮೂರು ಪುಟ ಬರೆಯುವ ರೂಢಿ ಬೇಕು. ಮೊಬೈಲ್‌ನಲ್ಲಿ ಅಸೈನ್‌ಮೆಂಟ್ ಕೊಡು ಅಂದರೆ ಹುಡುಗರು ಎಲ್ಲಿಂದಲೋ ಎತ್ತಿ ಅಂಟಿಸುತ್ತಾರೆ. ಈಗಂತೂ ಚಾಟ್‌ಜಿಪಿಟಿ ಬೇರೆ.

ಇನ್ನು ಕಡ್ಡಾಯ ಅನ್ನುವ ವಿಷಯ. ಇಂಟರ್ನಲ್ಸ್ ಅಂಕಗಳನ್ನು ಈಗಾಗಲೇ ರಾಜ್ಯದ ವಿಶ್ವವಿದ್ಯಾಲಯಗಳ ಆನ್‌ಲೈನ್ ವ್ಯವಸ್ಥೆಯಾದ ಯುಯುಸಿಎಂಎಸ್‌ಗೆ ತುಂಬುತ್ತಿದ್ದೇವೆ. ಅದರ ಮೇಲೆ ಇನ್ನೊಂದು ಲಾಗಿನ್, ಇನ್ನೊಂದು ಪಾಸ್‌ವರ್ಡ್. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ನ ಮೌಲ್ಯಮಾಪನ ಹತ್ತಿರ ಬಂದಾಗ ಫೋಲ್ಡರ್‌ಗಳು ದಿಢೀರ್ ಅಂತ ತುಂಬಿಕೊಳ್ಳುತ್ತವೆ, ಆಮೇಲೆ ಆ ಕಡೆ ಯಾರೂ ತಿರುಗಿ ನೋಡಲ್ಲ. ಈ ಹೊರೆ ಜಾಸ್ತಿ ಬೀಳೋದು ಅತಿಥಿ ಉಪನ್ಯಾಸಕರ ಮೇಲೆ. ಅವರ ಕೆಲಸವನ್ನು ಲೆಕ್ಕ ಹಾಕೋದು ಕ್ಲಾಸಿನಲ್ಲಿ ನಿಂತ ಗಂಟೆಗಳಿಂದ. ರಾತ್ರಿ ಹತ್ತಕ್ಕೆ ಕೂತು ಕ್ವಿಜ್ ತಯಾರಿಸಿದ್ದು ಯಾವ ಲೆಕ್ಕಕ್ಕೂ ಸೇರಲ್ಲ. ಬೇಕಾದವರು ಬಳಸಲಿ, ನನ್ನ ತಕರಾರಿಲ್ಲ. ಆದರೆ ವಾರಕ್ಕೆ ಇಷ್ಟು ಅಪ್‌ಲೋಡ್ ಅಂತ ಸುತ್ತೋಲೆ ಹೊರಡಿಸುವವರು, ಆ ಕೆಲಸವನ್ನು ಎಷ್ಟು ಗಂಟೆ ಅಂತ ಹಿಡಿಯುತ್ತಾರೆ ಅನ್ನೋದನ್ನೂ ಅದೇ ಸುತ್ತೋಲೆಯಲ್ಲಿ ಬರೆಯಲಿ.