ಪೋಷಕಾಂಶವೆಂದ ಮಾತ್ರಕ್ಕೆ ಪರೀಕ್ಷೆ ಬೇಡವೇ?

ಎನ್-ಅಸಿಟೈಲ್‌ಸಿಸ್ಟೀನ್ ಮಾತ್ರೆಯ ಡಬ್ಬಿ ತೆರೆದರೆ ಕೊಳೆತ ಮೊಟ್ಟೆಯಂಥ ಗಂಧಕದ ವಾಸನೆ ಮೂಗಿಗೆ ಬಡಿಯುತ್ತದೆ. ಕುಡಿತ ಬಿಡಲು ವರ್ಷಗಟ್ಟಲೆ ಹೆಣಗಿದ ನನ್ನ ಚಿಕ್ಕಪ್ಪ ಯಾರದೋ ಮಾತು ಕೇಳಿ ಅದನ್ನು ತರಿಸಿಕೊಂಡಿದ್ದರು. "ಇದು ಔಷಧಿಯಲ್ಲ ಕಣೋ, ಪೋಷಕಾಂಶ, ಏನೂ ಆಗೋದಿಲ್ಲ" ಎನ್ನುತ್ತ ನಡುಗುವ ಕೈಯಿಂದ ನೀರಿನ ಲೋಟ ಎತ್ತಿಕೊಂಡದ್ದು ಇನ್ನೂ ಕಣ್ಣ ಮುಂದಿದೆ. ಮಾತ್ರೆಯನ್ನೇ ನಂಬಿ, ವೈದ್ಯರನ್ನು ಕಾಣದೆ ಕುಡಿತವನ್ನು ಒಮ್ಮೆಲೇ ನಿಲ್ಲಿಸಿದ ಎರಡನೆಯ ದಿನ ಅವರಿಗೆ ಫಿಟ್ಸ್ ಬಂತು. ಅದಕ್ಕೆ ಮಾತ್ರೆ ಕಾರಣವಲ್ಲ. ಬಹುಕಾಲ ವಿಪರೀತ ಕುಡಿದವರು ಹಠಾತ್ತನೆ ಬಿಟ್ಟರೆ ಹೀಗಾಗುವುದುಂಟು. ಆದರೆ 'ಏನೂ ಆಗೋದಿಲ್ಲ' ಎಂಬ ಆ ನಂಬಿಕೆಯೇ ಅವರನ್ನು ಆಸ್ಪತ್ರೆಯಿಂದ ದೂರ ಇಟ್ಟಿತ್ತು.

ಹಾಗೆಂದು ಈ ಸಂಯುಕ್ತವನ್ನು ಹುಸಿಯೆಂದು ತಳ್ಳಿಹಾಕಲು ನಾನು ಬರೆಯುತ್ತಿಲ್ಲ. ಸಿಸ್ಟೀನ್ ಎಂಬ ಅಮೈನೋ ಆಮ್ಲದಿಂದ ತಯಾರಾಗುವ ಇದನ್ನು ವೈದ್ಯರು ದಶಕಗಳಿಂದ ಕಫ ಕರಗಿಸಲು ಮತ್ತು ಪ್ಯಾರಾಸಿಟಮಾಲ್ ಮಿತಿಮೀರಿ ನುಂಗಿದವರ ಯಕೃತ್ತನ್ನು ಕಾಪಾಡಲು ಕೊಡುತ್ತ ಬಂದಿದ್ದಾರೆ. ದೀರ್ಘಕಾಲದ ಕುಡಿತದಿಂದ ಮಿದುಳಿನಲ್ಲಿ ಗ್ಲುಟಮೇಟ್ ಎಂಬ ರಾಸಾಯನಿಕದ ಹದ ತಪ್ಪುತ್ತದೆ. ಆ ಹದವನ್ನು ಮರಳಿ ತಂದು ಕುಡಿಯಬೇಕೆಂಬ ತುಡಿತವನ್ನು ಇದು ತಗ್ಗಿಸೀತೆಂಬುದು ಸಂಶೋಧಕರ ನಿರೀಕ್ಷೆ. ಇಲಿಗಳ ಮೇಲಿನ ಪ್ರಯೋಗಗಳು ಈ ಆಸೆಗೆ ನೀರೆರೆದಿವೆ.

ಆದರೆ ಗಾಂಜಾ ಚಟದ ವಿಷಯದಲ್ಲಿ ಇದೇ ಮಾತ್ರೆಗೆ ಏನಾಯಿತೆಂಬುದನ್ನು ಮರೆಯಬಾರದು. 2012ರಲ್ಲಿ ಪ್ರಕಟವಾದ, 15ರಿಂದ 21 ವರ್ಷದೊಳಗಿನ 116 ಮಂದಿಯ ಅಮೆರಿಕದ ಪ್ರಯೋಗದಲ್ಲಿ ಒಳ್ಳೆಯ ಫಲ ಕಂಡಿತ್ತು. 2017ರಲ್ಲಿ 302 ವಯಸ್ಕರ ಪ್ರಯೋಗದ ವರದಿ ಬಂದಾಗ ಮಾತ್ರೆಗೂ ಪ್ಲಸಿಬೊಗೂ (ಔಷಧವಿಲ್ಲದ, ನೋಡಲು ಅದರಂತೆಯೇ ಇರುವ ಮಾತ್ರೆ) ಗಣನೀಯ ವ್ಯತ್ಯಾಸವೇ ಇರಲಿಲ್ಲ. ಅದಕ್ಕೂ ಬಹಳ ಹಿಂದೆ, 1960ರ ದಶಕದಲ್ಲಿ, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಕೂಟವಾದ ಆಲ್ಕೊಹಾಲಿಕ್ಸ್ ಅನಾನಿಮಸ್‌ನ ಸಹಸ್ಥಾಪಕ ಬಿಲ್ ವಿಲ್ಸನ್ ಅವರು ಬಿ3 ಜೀವಸತ್ವ ಮದ್ಯವ್ಯಸನಿಗಳಿಗೆ ನೆರವಾಗುತ್ತದೆಂದು ಮನಸಾರೆ ನಂಬಿ ಪ್ರಚಾರ ಮಾಡಿದ್ದರು. ಅದು ಇಂದಿಗೂ ಅಂಗೀಕೃತ ಚಿಕಿತ್ಸೆಯಾಗಿಲ್ಲ. ಅವರ ಕಳಕಳಿಯಲ್ಲಿ ಕೊರತೆಯಿರಲಿಲ್ಲ, ಪುರಾವೆಯಲ್ಲಿ ಇತ್ತು.

ಪರೀಕ್ಷಿಸುವ ಕೆಲಸವೂ ಸುಲಭದ್ದಲ್ಲ. ಆ ಗಂಧಕದ ವಾಸನೆಯನ್ನೇ ತೆಗೆದುಕೊಳ್ಳಿ: ಪ್ಲಸಿಬೊ ಮಾತ್ರೆಗೆ ಅದು ಇಲ್ಲದಿದ್ದರೆ, ತನಗೆ ಸಿಕ್ಕಿದ್ದು ಯಾವುದೆಂದು ರೋಗಿ ಮೊದಲ ದಿನವೇ ಊಹಿಸಿಬಿಡಬಹುದು. ಪ್ರಯೋಗಕ್ಕೆ ಸೇರಿದವರು, ಪ್ಲಸಿಬೊ ಪಡೆದವರೂ ಸಹ, ಅನೇಕ ಸಲ ಕುಡಿತ ಕಡಿಮೆ ಮಾಡುತ್ತಾರೆ. ಯಾರೋ ಪ್ರತಿ ವಾರ ಕೂರಿಸಿ ವಿಚಾರಿಸುವುದೇ ಒಂದು ಆಸರೆ. ಎಷ್ಟು ಕುಡಿದಿರೆಂದು ಬಾಯಿಮಾತಿನಲ್ಲಿ ಕೇಳಿದರಷ್ಟೇ ಸಾಲದು, ಹಿಂದಿನ ಕೆಲವು ವಾರಗಳ ಕುಡಿತವನ್ನು ತೋರಿಸುವ ಫಾಸ್ಫಟಿಡೈಲ್ ಎಥನಾಲ್ ರಕ್ತಪರೀಕ್ಷೆಯೂ ಬೇಕು. ಯಕೃತ್ತು ಕೆಟ್ಟವರನ್ನೂ ಖಿನ್ನತೆಯಿರುವವರನ್ನೂ ಮೊದಲೇ ಹೊರಗಿಟ್ಟು ಬಂದ ಫಲಿತಾಂಶ ನನ್ನ ಚಿಕ್ಕಪ್ಪನಂಥವರಿಗೆ ಎಷ್ಟು ಅನ್ವಯಿಸುತ್ತದೆ ಎಂಬುದೂ ನನ್ನ ಪ್ರಶ್ನೆ.

ಹಳೆಯ, ಅಗ್ಗದ ಸಂಯುಕ್ತದ ಮೇಲೆ ಹಣ ಹೂಡಲು ಔಷಧ ಕಂಪನಿಗಳಿಗೆ ಲಾಭದ ಕಾರಣವಿಲ್ಲ. ಆದ್ದರಿಂದ ಈ ಪ್ರಯೋಗಗಳನ್ನು ಸಾರ್ವಜನಿಕ ಹಣದಿಂದಲೇ, ದೊಡ್ಡ ಪ್ರಮಾಣದಲ್ಲಿ ನಡೆಸಬೇಕು; ಫಲ ಸಿಗದಿದ್ದರೂ ವರದಿ ಪ್ರಕಟವಾಗಬೇಕು. ಅಲ್ಲಿಯವರೆಗೆ, ಮನೆಯಲ್ಲಿ ಯಾರಾದರೂ ಇಂಥ ಮಾತ್ರೆ ನುಂಗಿ ಕುಡಿತ ಬಿಡಲು ಹೊರಟಿದ್ದರೆ, ಡಬ್ಬಿಯ ಸಮೇತ ಅವರನ್ನು ವೈದ್ಯರ ಬಳಿಗೆ ಕರೆದೊಯ್ಯಿರಿ. ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಮುಂತಾದ ಪರೀಕ್ಷಿತ ಔಷಧಗಳಿವೆ ಎಂಬುದು ನಮ್ಮ ಮನೆಯವರಿಗೆ ತಿಳಿದದ್ದು ಆ ಫಿಟ್ಸ್ ಬಂದ ಮೇಲೆ.