ಮೆಕಾಲೆ ಹೆಸರಲ್ಲಿ ಓಡಾಡೋ ಆ ಫಾರ್ವರ್ಡ್: ಸತ್ಯಾಂಶ

"ಭಾರತದ ಉದ್ದಗಲ ತಿರುಗಿದೆ, ಒಬ್ಬ ಭಿಕ್ಷುಕನೂ ಕಾಣ್ಲಿಲ್ಲ, ಇವರ ಸಂಸ್ಕೃತಿಯ ಬೆನ್ನೆಲುಬು ಮುರೀದೆ ಗೆಲ್ಲೋಕಾಗಲ್ಲ" ಅಂತ 1835ರ ಫೆಬ್ರವರಿ 2ರಂದು ಬ್ರಿಟಿಷ್ ಅಧಿಕಾರಿ ಮೆಕಾಲೆ ಬ್ರಿಟಿಷ್ ಪಾರ್ಲಿಮೆಂಟಲ್ಲಿ ಭಾಷಣ ಮಾಡಿದ ಅನ್ನೋ ಮೆಸೇಜ್ ಫ್ಯಾಮಿಲಿ ಗ್ರೂಪಲ್ಲಿ ಮತ್ತೆ ಬಂದಿದೆ. ಇದು ಸುಳ್ಳು.

ಅವತ್ತು ಅವನು ಲಂಡನ್ನಲ್ಲೇ ಇರ್ಲಿಲ್ಲ, ಕಲ್ಕತ್ತಾದಲ್ಲಿ ಗವರ್ನರ್ ಜನರಲ್ ಕೌನ್ಸಿಲ್ ಮೆಂಬರ್ ಆಗಿದ್ದ. ಉದ್ದಗಲ ತಿರುಗಿದ್ದೂ ಇಲ್ಲ, 1834ರಲ್ಲಿ ಮದ್ರಾಸಲ್ಲಿ ಇಳಿದು ಬೆಂಗಳೂರು, ಶ್ರೀರಂಗಪಟ್ಟಣ, ಮೈಸೂರು ಮೇಲೆ ಊಟಿಗೆ ಪಲ್ಲಕ್ಕೀಲಿ ಹೋದ, ಅದೂ ನಮ್ಮ ಜನರ ಹೆಗಲ ಮೇಲೆ ಕೂತ್ಕೊಂಡು, ಆಮೇಲೆ ಕಲ್ಕತ್ತಾ ಸೇರ್ಕೊಂಡ, ಉತ್ತರ ಭಾರತ ನೋಡೇ ಇರ್ಲಿಲ್ಲ.

ಹಾಗಂತ ಅವನೇನು ಸಾಚಾ ಅಲ್ಲ. ಆ ತಾರೀಖಿನದು ಭಾಷಣ ಅಲ್ಲ, ಶಿಕ್ಷಣದ ಬಗ್ಗೆ ಬರೆದ ಒಂದು ಆಫೀಸ್ ಟಿಪ್ಪಣಿ. ಅದರಲ್ಲಿರೋದು ಹೊಗಳಿಕೆ ಅಲ್ಲ, ತಿರಸ್ಕಾರ: ಒಳ್ಳೇ ಯುರೋಪಿಯನ್ ಲೈಬ್ರರಿಯ ಒಂದೇ ಒಂದು ಶೆಲ್ಫು ಭಾರತ, ಅರೇಬಿಯಾದ ಇಡೀ ಸಾಹಿತ್ಯಕ್ಕೆ ಸಮ ಅಂತ. ತನಗೆ ಸಂಸ್ಕೃತನೂ ಬರಲ್ಲ ಅರೇಬಿಕ್ಕೂ ಬರಲ್ಲ ಅಂತ ಅದೇ ಟಿಪ್ಪಣೀಲಿ ಬರ್ಕೊಂಡಿದಾನೆ, ಧೈರ್ಯ ನೋಡಿ!

ಸಂಸ್ಕೃತ, ಅರೇಬಿಕ್ ಬಿಟ್ಟು ಇಂಗ್ಲಿಷ್ ಶಿಕ್ಷಣಕ್ಕೇ ಸರ್ಕಾರದ ದುಡ್ಡು ಹಾಕ್ಬೇಕು ಅನ್ನೋ ಆ ಟಿಪ್ಪಣಿಯ ಸಲಹೇನ ಎಲ್ಲರೂ ಸುಮ್ನೆ ಒಪ್ಕೊಳ್ಳಲಿಲ್ಲ. ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಎಚ್.ಟಿ. ಪ್ರಿನ್ಸೆಪ್ ಉದ್ದಕ್ಕೆ ವಿರೋಧ ಬರೆದ, ಕಲ್ಕತ್ತಾದ ಸಾವಿರಾರು ಮುಸ್ಲಿಮರು ಸಹಿ ಹಾಕಿ ಅದರ ವಿರುದ್ಧ ಅರ್ಜಿ ಕೊಟ್ರು.